ಅಟ್ಟದ ಕೋವಿ, ಅಂಚೆಯ ಪಿಸ್ತೂಲು

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕ ಸೇರಿದ ಮಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ, 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ತೆರೆದಂದಿನಿಂದ ಈ ಊರು ಎಂಜಿನಿಯರುಗಳನ್ನು ತಯಾರಿಸಿ ದಿಕ್ಕು ದಿಕ್ಕಿಗೆ ಕಳಿಸುತ್ತಲೇ ಬಂದಿದೆ. ಹುಡುಗನಿರುವುದು ಟೆಕ್ಸಾಸಿನಲ್ಲಿ. ಒಂದು ಶನಿವಾರ ಅವನ ಮನೆಯ ಬಾಗಿಲಿಗೆ ಒಂದು ಪೆಟ್ಟಿಗೆ ಬರುತ್ತದೆ. ಅದರೊಳಗೆ ಹಿತ್ತಾಳೆಯ ಕಾಪು, ಅಕ್ರೋಟು ಮರದ ಹಿಡಿ, ಎಂಟುಪಟ್ಟಿಯ ಉದ್ದನೆಯ ನಳಿಗೆಯುಳ್ಳ ಒಂದು ಪಿಸ್ತೂಲು. 1851ರ ಮಾದರಿ, ತಯಾರಾದದ್ದು ಮಾತ್ರ ಹೋದ ವರ್ಷ, ಇಟಲಿಯಲ್ಲಿ. ಹುಡುಗ ಅದರ ಚಿತ್ರ ತೆಗೆದು ತಂದೆಗೆ ಕಳಿಸುತ್ತಾನೆ.

"ಏನಪ್ಪಾ, ಅಲ್ಲಿ ಪಿಸ್ತೂಲನ್ನೂ ಬೆಣ್ಣೆದೋಸೆಯ ಹಾಗೆ ಮನೆಗೇ ತರಿಸಿಕೊಳ್ಳಬಹುದೆ?" ಎಂದು ತಂದೆ ಕೇಳದಿರಲಾರರು.

"ಇದಕ್ಕೆ ಲೈಸೆನ್ಸು ಬೇಡ ಅಪ್ಪಾಜಿ. ಇದು ನಮ್ಮ ಅಜ್ಜನ ಕೇಪಿನ ಕೋವಿಯ ಜಾತಿಯದೇ," ಎಂದು ಮಗ ಹೇಳಿಯಾನು.

ಈ ಉತ್ತರದಲ್ಲಿ ಸತ್ಯವೂ ಉಂಟು, ಅಪಾಯವೂ ಉಂಟು. ಸತ್ಯವೇನೆಂದರೆ, ಅಮೆರಿಕದ 1968ರ ಆಯುಧ ನಿಯಂತ್ರಣ ಕಾನೂನು 1898ನೆಯ ಇಸವಿಯವರೆಗೆ ತಯಾರಾದ ಬಂದೂಕುಗಳನ್ನೂ, ಈಗಿನ ತೋಟಾಗಳನ್ನು ಬಳಸಲಾಗದ ಅವುಗಳ ಪ್ರತಿಕೃತಿಗಳನ್ನೂ "ಪುರಾತನ ಆಯುಧ"ಗಳೆಂದು ಬೇರೆ ಇರಿಸಿದೆ. ಒಕ್ಕೂಟದ ಕಾನೂನಿನ ಕಣ್ಣಿಗೆ ಅವು ಬಂದೂಕುಗಳೇ ಅಲ್ಲ. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಬಿಗಿಯಾದುದು. ಟೆಕ್ಸಾಸಿನ ಹುಡುಗನಿಗೆ ಆ ತೊಡಕಿಲ್ಲ. ಅಪಾಯವಿರುವುದು ಅಜ್ಜನ ಕೋವಿಯ ಮಾತಿನಲ್ಲಿ. ಚನ್ನಗಿರಿಯ ಕಡೆಯ ಅಡಕೆ ತೋಟದ ಹಳೆಯ ಮನೆಗಳಲ್ಲಿ, ಹೊನ್ನಾಳಿಯ ಹೊಲಗದ್ದೆಗಳ ನಡುವಿನ ಮನೆಗಳಲ್ಲಿ, ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಇರಿಸಿಕೊಂಡ ಕೇಪಿನ ಕೋವಿ ಅಪರೂಪವೇನಲ್ಲ. ಅಜ್ಜ ತೀರಿಕೊಂಡ ಮೇಲೆ ಅದು ಗೋಣಿತಾಟಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರುತ್ತದೆ. ಮನೆಯವರು ಅದನ್ನು ಮರೆಯುತ್ತಾರೆ. ಕಾನೂನು ಮರೆಯುವುದಿಲ್ಲ, ಅದರೊಳಗಿನ ಮದ್ದೂ ಮರೆಯುವುದಿಲ್ಲ.

ಪಾದ್ರಿಯ ಕೇಪು, ನಾವಿಕನ ಮರದ ತುಂಡು

ಅಟ್ಟದ ಕೋವಿಗೂ ಅಂಚೆಯ ಪಿಸ್ತೂಲಿಗೂ ಮೂಲ ಒಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದನ್ನು ಬಾಯಿಯ ಕಡೆಯಿಂದ ತುಂಬಿ, ಅದರ ಮೇಲೆ ಗುಂಡನ್ನೋ ಚರೆಯನ್ನೋ ಇಟ್ಟು ಜಡಿಯಬೇಕು. ಹಿಂದಿನ ತೊಟ್ಟಿನ ಮೇಲೆ ತಾಮ್ರದ ಪುಟ್ಟ ಕೇಪನ್ನು ಕೂರಿಸಬೇಕು. ಕುದುರೆ ಬಂದು ಕೇಪನ್ನು ಕುಟ್ಟಿದೊಡನೆ ಕಿಡಿ ತೊಟ್ಟಿನ ತೂತಿನಿಂದ ಒಳಹೊಕ್ಕು ಮದ್ದು ಹೊತ್ತುತ್ತದೆ. ಕುಟ್ಟಿದರೆ ಕಿಡಿ ಕಾರುವ ಈ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿದವರು ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗಳು. 1807ರಲ್ಲಿ ಅದರ ಹಕ್ಕುಪತ್ರ ಪಡೆದರು. ಚಕಮಕಿ ಕಲ್ಲಿನ ಬಂದೂಕಿನ ಮೊದಲ ಮಿಂಚಿಗೇ ಹಕ್ಕಿಗಳು ಹಾರಿಹೋಗುತ್ತಿದ್ದುದು ಅವರ ಚಿಂತೆಯಾಗಿತ್ತು. ಧರ್ಮಬೋಧಕರಿಗೆ ಬೇರೆ ಚಿಂತೆ ಇರಲಿಲ್ಲವೆ ಎಂದು ಕೇಳುವವರು ಕೇಳಬಹುದು.

ಒಂದೇ ಸಲ ತುಂಬಿ ಆರು ಸಲ ಹಾರಿಸುವ ಯುಕ್ತಿಗೂ ಭಾರತದ ದಾರಿಗೂ ಒಂದು ನಂಟಿದೆ. 1830ರಲ್ಲಿ ಹದಿನಾರು ವರ್ಷದ ಸ್ಯಾಮ್ಯುಯೆಲ್ ಕೋಲ್ಟ್ ಎಂಬ ಹುಡುಗ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ 'ಕಾರ್ವೋ' ಎಂಬ ಹಡಗನ್ನೇರಿದ. ಆ ಪಯಣದಲ್ಲಿ ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತಿ, ತಿರುಗುವ ಉರುಳೆಯ ಮಾದರಿಯನ್ನು ಮಾಡಿದನೆಂದು ಅವನೇ ಮುಂದೆ ಹೇಳಿಕೊಂಡ. ಉರುಳೆ ತಿರುಗುವ ಪಿಸ್ತೂಲು ಅದಕ್ಕೂ ಮುಂಚೆ ಇರಲಿಲ್ಲವೆಂದಲ್ಲ. ಎಲಿಷಾ ಕಾಲಿಯರ್ ಎಂಬಾತ 1818ರಲ್ಲಿಯೇ ಚಕಮಕಿಯ ರಿವಾಲ್ವರಿಗೆ ಲಂಡನ್ನಿನಲ್ಲಿ ಹಕ್ಕು ಪಡೆದಿದ್ದ. ಆದರೆ ಕುದುರೆಯನ್ನು ಹಿಂದಕ್ಕೆಳೆದರೆ ಉರುಳೆ ತಾನಾಗಿ ಒಂದು ಮನೆ ಮುಂದೆ ಸರಿದು ಗಟ್ಟಿಯಾಗಿ ನಿಲ್ಲುವಂತೆ ಮಾಡಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸಿದವನು ಕೋಲ್ಟ್. ಅಮೆರಿಕದ ಹಕ್ಕುಪತ್ರ ದೊರೆತದ್ದು 1836ರಲ್ಲಿ. ಮೊದಲ ಕಾರ್ಖಾನೆ 1842ರಲ್ಲಿ ದಿವಾಳಿಯೆದ್ದಿತು; 1847ರಲ್ಲಿ ಸರ್ಕಾರದಿಂದ ಸಾವಿರ ಪಿಸ್ತೂಲುಗಳ ಬೇಡಿಕೆ ಬಂದು ಕೈ ಹಿಡಿಯಿತು. 1851ರ 'ನೇವಿ' ಮಾದರಿಯಿಂದ ಅವನ ಹೆಸರು ಮನೆಮಾತಾಯಿತು. 1853ರಿಂದ ಮೂರು ವರ್ಷ ಲಂಡನ್ನಿನಲ್ಲಿಯೂ ಅವನ ಕಾರ್ಖಾನೆ ನಡೆಯಿತು. ಅಲ್ಲಿ ಅವನ ಎದುರಾಳಿ ರಾಬರ್ಟ್ ಆಡಮ್ಸ್.

ಹರಿಹರದಲ್ಲಿ ತುಂಗಭದ್ರೆಯ ಹಳೆಯ ಸೇತುವೆಯನ್ನು ದಾಟುವವರು ಈ ಕಾಲವನ್ನು ಒಂದು ಕ್ಷಣ ನೆನೆಯಬಹುದು. ಹದಿನಾಲ್ಕು ಕಮಾನುಗಳ ಆ ಸೇತುವೆ ಮುಗಿದದ್ದು 1868ರಲ್ಲಿ. ಅದಕ್ಕೆ ಮೂರು ವರ್ಷ ಹಿಂದಿನವರೆಗೆ, ಎಂದರೆ 1865ರವರೆಗೆ, ಊರಿನ ವಾಯವ್ಯಕ್ಕೆ ಎರಡು ಮೈಲಿಯ ಮೇಲೆ ದಂಡು ಬೀಡುಬಿಟ್ಟಿತ್ತು. ಕೋಲ್ಟ್, ಆಡಮ್ಸ್ ಪಿಸ್ತೂಲುಗಳನ್ನು ಭಾರತದ ಬ್ರಿಟಿಷ್ ಅಧಿಕಾರಿಗಳು ಸ್ವಂತ ಹಣದಿಂದ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲ ಅದು. ನಾಡಿನ ಜನರ ಕೈಯಿಂದ ಆಯುಧವನ್ನು ಕಿತ್ತುಕೊಂಡ ಕಾಲವೂ ಅದೇ. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ತಲೆಬಾಗದೆ ಮುಧೋಳದ ಬಳಿಯ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಎದುರು ನಿಂತರು. ಊರನ್ನು ಸುಟ್ಟರು, ಮುಖಂಡರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಪರವಾನಗಿ ಎಂಬ ಕಾಗದದ ಹಿಂದೆ ಇಷ್ಟು ಚರಿತ್ರೆಯಿದೆ.

ಸತ್ತ ಯಂತ್ರ ಎದ್ದು ಬಂದದ್ದು

1870ರ ದಶಕಕ್ಕೆ ತೋಟಾ ಹಾಕುವ ರಿವಾಲ್ವರುಗಳು ಬಂದು ಕೇಪಿನ ಪಿಸ್ತೂಲು ಮೂಲೆ ಸೇರಿತು. ಎಂಬತ್ತು ವರ್ಷಗಳಾದ ಮೇಲೆ ಅದನ್ನು ಎಬ್ಬಿಸಿದವರು ಅಮೆರಿಕದ ಅಂತರ್ಯುದ್ಧದ ಹವ್ಯಾಸಿಗಳು. ಯುದ್ಧದ ಶತಮಾನೋತ್ಸವ 1961ಕ್ಕೆ ಬರಲಿತ್ತು. ಹಳೆಯ ಪಿಸ್ತೂಲುಗಳಿಗೆ ಬೆಲೆ ಏರಿತು. ನೂರು ವರ್ಷದ ಕಬ್ಬಿಣವನ್ನು ನಂಬಿ ಹಾರಿಸುವುದೂ ಜಾಣತನವಲ್ಲ. ವ್ಯಾಲ್ ಫೋರ್ಗೆಟ್ ಎಂಬ ನ್ಯೂಜೆರ್ಸಿಯ ವ್ಯಾಪಾರಿ 1950ರ ದಶಕದ ಕೊನೆಯಲ್ಲಿ ಇಟಲಿಯ ಬ್ರೆಷಿಯಾ ಸಮೀಪದ ಗಾರ್ಡೋನೆ ಎಂಬ ಕಣಿವೆಯ ಊರಿಗೆ ಹೋದರು. ಶತಮಾನಗಳಿಂದ ಬಂದೂಕು ಮಾಡುವುದೇ ಆ ಊರಿನ ಕಸುಬು. 1959ರಲ್ಲಿ ಅಲ್ದೊ ಉಬೆರ್ತಿ ಎಂಬ ಕುಶಲಿ ಅಲ್ಲಿ ತಮ್ಮ ಕಾರ್ಖಾನೆ ತೆರೆದರು. ಉಬೆರ್ತಿ, ಪಿಯೆಟ್ಟಾ ಎಂಬ ಎರಡು ಹೆಸರುಗಳೇ ಇಂದಿಗೂ ಈ ವ್ಯಾಪಾರದ ಕಂಬಗಳು.

ಸೆರ್ಜಿಯೊ ಲಿಯೋನೆ ಅವರ 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರವನ್ನು ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಈಲೈ ವಾಲಕ್ ನಟಿಸಿದ ಪುಂಡನು ಬಂದೂಕಿನ ಅಂಗಡಿಗೆ ನುಗ್ಗಿ, ಒಂದು ಪಿಸ್ತೂಲಿನ ನಳಿಗೆ, ಮತ್ತೊಂದರ ಉರುಳೆಗಳನ್ನು ಆರಿಸಿ, ಉರುಳೆಯನ್ನು ಕಿವಿಯ ಬಳಿ ತಿರುಗಿಸಿ ಅದರ ಸದ್ದು ಕೇಳಿ, ತನಗೆ ಬೇಕಾದ್ದೊಂದನ್ನು ಜೋಡಿಸಿಕೊಳ್ಳುತ್ತಾನೆ. ಆಯ್ದು ತಿದ್ದಿಕೊಳ್ಳುವ ಹವ್ಯಾಸದ ಸಾರವೆಲ್ಲ ಆ ಎರಡು ನಿಮಿಷದಲ್ಲಿದೆ. ದುಡ್ಡು ಕೊಡದೆ ಹೊರಬೀಳುವುದೊಂದನ್ನು ಬಿಟ್ಟು.

ಆಯ್ಕೆಯಲ್ಲಿ ಮೊದಲ ಪ್ರಶ್ನೆ, ತಲೆ ತೆರೆದದ್ದೋ ಮುಚ್ಚಿದ್ದೋ ಎಂಬುದು. ಕೋಲ್ಟ್ ಮಾದರಿಯಲ್ಲಿ ಉರುಳೆಯ ಮೇಲೆ ಲೋಹದ ಪಟ್ಟಿಯಿಲ್ಲ. ನಡುಗೂಟವೊಂದಕ್ಕೆ ಉರುಳೆಯನ್ನೂ ನಳಿಗೆಯನ್ನೂ ಪೋಣಿಸಿ, ಅಡ್ಡಲಾಗಿ ಒಂದು ಬೆಣೆ ಬಡಿದರೆ ಮುಗಿಯಿತು. ನೇಗಿಲಿಗೆ ಬೆಣೆ ಬಡಿದು ಬಲ್ಲವರಿಗೆ ಈ ಜೋಡಣೆ ಹೊಸದಲ್ಲ. ರೆಮಿಂಗ್ಟನ್ ಮಾದರಿಯಲ್ಲಿ ಉರುಳೆಯ ಸುತ್ತ ಇಡಿಯ ಚೌಕಟ್ಟಿದೆ. ಗಟ್ಟಿ ಹೆಚ್ಚು, ಗುರಿಯ ಗಾಡಿ ಆ ಮೇಲುಪಟ್ಟಿಯಲ್ಲಿಯೇ ಕೊರೆದಿರುವುದರಿಂದ ಅದು ಅಲುಗದು. ಇದನ್ನು ಎಲ್ಲರೂ '1858ರ ರೆಮಿಂಗ್ಟನ್' ಎನ್ನುತ್ತಾರಾದರೂ ಅದು ಹಕ್ಕುಪತ್ರದ ವರ್ಷ. ಇಂದು ಪ್ರತಿಕೃತಿಯಾಗಿ ಸಿಗುವ ರೂಪ ಅಂತರ್ಯುದ್ಧದ ನಡುವಿನದು. ಬುದ್ಧಿ ರೆಮಿಂಗ್ಟನ್ ಕೊಳ್ಳೆಂದರೆ, ಕೈ ಕೋಲ್ಟ್ ನೇವಿಯ ಕಡೆಗೆ ಹೋಗುತ್ತದೆ. ಅದು ಕೈಯಲ್ಲಿ ಕೂರುವ ಪರಿಯೇ ಬೇರೆ. ತೂಕವೂ ಒಂದೂಕಾಲು ಕಿಲೋ ಒಳಗೆ. 1847ರ ವಾಕರ್ ಮಾದರಿಯಾದರೋ ಎರಡು ಕಿಲೋ ದಾಟುತ್ತದೆ. ಅದು ಸೊಂಟಕ್ಕಲ್ಲ, ಕುದುರೆಯ ಜೀನಿಗೆ ಕಟ್ಟುವುದಕ್ಕೆಂದೇ ಹುಟ್ಟಿದ್ದು.

ಎರಡನೆಯದು ಚೌಕಟ್ಟಿನ ಲೋಹ. ಹಿತ್ತಾಳೆಯದು ಅಗ್ಗ, ಕಣ್ಣಿಗೆ ಹಬ್ಬ. ಆದರೆ ಹೆಚ್ಚು ಮದ್ದು ತುಂಬಿ ಹಾರಿಸುತ್ತ ಹೋದರೆ ಮೆತುಲೋಹವಾದ್ದರಿಂದ ಹಿಗ್ಗುತ್ತದೆ, ನಡುಗೂಟ ಸಡಿಲವಾಗುತ್ತದೆ. ಗೋಡೆಗೆ ಹಾಕುವವರು ಹಿತ್ತಾಳೆ ಕೊಳ್ಳಲಿ. ಹಾರಿಸುವವರಿಗೆ ಉಕ್ಕೇ ಸರಿ. ಮೂರನೆಯದು ಬಾಯಿಯ ಅಳತೆ. ನೇವಿಯದು ಇಂಚಿನ ನೂರರಲ್ಲಿ 36 ಭಾಗ, ಸೈನ್ಯದ ಮಾದರಿಗಳದು 44. ಗುಂಡು ಮಾತ್ರ ಕುಳಿಗಿಂತ ಕೂದಲೆಳೆಯಷ್ಟು ದಪ್ಪವಿರಬೇಕು. ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಿ ಇಳಿಸುವಾಗ ಸೀಸದ ತೆಳುವಾದ ಉಂಗುರವೊಂದು ಸುತ್ತಲೂ ಸುಲಿದು ಬಿದ್ದರೆ ಕುಳಿ ಗಾಳಿಯಾಡದಂತೆ ಮುಚ್ಚಿತೆಂದು ಅರ್ಥ. ಉಂಗುರ ಬೀಳದಿದ್ದರೆ ಗುಂಡು ಸಣ್ಣದು; ಪಕ್ಕದ ಕುಳಿಯ ಬೆಂಕಿ ಇದಕ್ಕೂ ತಗುಲಿ ಎರಡು ಮೂರು ಕುಳಿಗಳು ಒಟ್ಟಿಗೆ ಹಾರುವ ಭಯವಿದೆ. ಅದಕ್ಕಾಗಿಯೇ ಗುಂಡಿನ ಮೇಲೆ ಕೊಬ್ಬು ಸವರುವುದು, ಇಲ್ಲವೆ ಮದ್ದಿಗೂ ಗುಂಡಿಗೂ ನಡುವೆ ಉಣ್ಣೆಯ ಬಿಲ್ಲೆ ಇಡುವುದು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ಹಾಕಿದರಂತೂ ಪಿಸ್ತೂಲೂ ಉಳಿಯದು, ಕೈಯೂ ಉಳಿಯದು.

ಹರಿಹರದ ಕಣ್ಣು

ಪೆಟ್ಟಿಗೆಯಿಂದ ತೆಗೆದ ಪಿಸ್ತೂಲು ಅಂದಿಗೇ ಸಿದ್ಧವೆಂದು ತಿಳಿಯಬಾರದು. ಕಾರ್ಖಾನೆ ಅದನ್ನು ಮುಕ್ಕಾಲುಪಾಲು ಮಾಡಿ ಕಳಿಸುತ್ತದೆ. ಉಳಿದ ಕಾಲುಪಾಲು ಕೊಂಡವನ ಪಾಲಿಗೆ. ಈ ಕಾಲುಪಾಲು ಎಂಥದೆಂದು ಹರಿಹರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅರುವತ್ತು ವರ್ಷ ಲೇತುಗಳನ್ನು ತಯಾರಿಸಿತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿಹೋದರೂ, ಸಾವಿರದಲ್ಲೊಂದು ಇಂಚಿನ ತಪ್ಪನ್ನು ಬೆರಳ ತುದಿಯಿಂದ ಗುರುತಿಸುವ ಕಣ್ಣನ್ನೂ ಕೈಯನ್ನೂ ಆ ಊರಿಗೆ ಬಿಟ್ಟುಹೋಗಿದೆ. ಆರು ಕುಳಿಗಳ ಉರುಳೆಯೆಂದರೆ ವೃತ್ತವನ್ನು ಅರುವತ್ತು ಅಂಶಗಳಂತೆ ಆರು ಕಡೆ ಹಂಚುವ ಲೆಕ್ಕ. ಒಂದು ಕುಳಿ ನಳಿಗೆಯ ನೇರಕ್ಕೆ ನಿಲ್ಲದೆ ತುಸು ಓರೆಯಾದರೂ ಗುಂಡು ನಳಿಗೆಯ ಅಂಚನ್ನು ಕಚ್ಚಿ ಸೀಸವನ್ನು ಉಗುಳುತ್ತದೆ. ಕುದುರೆಯನ್ನು ನಿಧಾನವಾಗಿ ಎಳೆಯುತ್ತ, ಉರುಳೆ ನಿಲ್ಲುವ ಕ್ಷಣಕ್ಕೂ ಕುದುರೆ ಕಚ್ಚಿಕೊಳ್ಳುವ ಕ್ಷಣಕ್ಕೂ ಅಂತರವಿದೆಯೆ ಎಂದು ಕುಳಿ ಕುಳಿಗೂ ನೋಡುವುದು ಕೊಳ್ಳುವವನ ಮೊದಲ ಪರೀಕ್ಷೆ.

ತಿದ್ದುವುದರಲ್ಲಿ ಬಲ್ಲವರು ಮೊದಲು ಕೈಹಾಕುವುದು ತೊಟ್ಟುಗಳಿಗೆ. ಕೇಪು ಅಲ್ಲಿ ಬಿಗಿಯಾಗಿ ಕೂರದಿದ್ದರೆ ಒಂದು ಹಾರಿಸುವಷ್ಟರಲ್ಲಿ ಇನ್ನೊಂದು ಉದುರುತ್ತದೆ. ಒಡೆದ ಕೇಪಿನ ಚೂರು ಕುದುರೆಯ ಸಂದಿಗೆ ಬಿದ್ದರೆ ಇಡೀ ಯಂತ್ರ ಕಚ್ಚಿಕೊಂಡು ನಿಲ್ಲುತ್ತದೆ. ಅಳತೆ ಸರಿಯಾದ ಉಕ್ಕಿನ ತೊಟ್ಟುಗಳನ್ನು ಹಾಕಿದರೆ ಅರ್ಧ ತಲೆನೋವು ಹೋದಂತೆ. ಆಮೇಲೆ ನಡುಗೂಟ. ಉಬೆರ್ತಿಯ ಕೋಲ್ಟ್ ಮಾದರಿಗಳಲ್ಲಿ ಈ ಗೂಟ ನಳಿಗೆಯೊಳಗಿನ ಗುಳಿಯ ತಳ ಮುಟ್ಟದೆ ತುಸು ಗಿಡ್ಡವಾಗಿರುವುದು ಹವ್ಯಾಸಿಗಳೆಲ್ಲರ ಹಳೆಯ ದೂರು. ಆಗ ಬೆಣೆಯನ್ನು ಎಷ್ಟು ಬಡಿದರೆ ಅಷ್ಟು ನಳಿಗೆ ಹಿಂದಕ್ಕೆ ಬಂದು ಉರುಳೆಗೆ ಒರಗುತ್ತದೆ; ಇಂದು ಒಂದಳತೆ, ನಾಳೆ ಇನ್ನೊಂದಳತೆ. ಗುಳಿಯ ತಳಕ್ಕೆ ಉಕ್ಕಿನ ತೆಳುಬಿಲ್ಲೆಯೊಂದನ್ನು ಹೊಂದಿಸಿ ಹಾಕುವುದು ಇದರ ಮದ್ದು. ಬಿಲ್ಲೆಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ, ಹಾಕಿ ನೋಡಿ, ತೆಗೆದು ಮತ್ತೆ ಉಜ್ಜಿ, ಒಂದು ಸಂಜೆಯೆಲ್ಲ ಕಳೆಯಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

ಗುರಿಯ ಸಂಗತಿ ಸ್ವಾರಸ್ಯವಾದುದು. ಕೋಲ್ಟ್ ಪಿಸ್ತೂಲಿನ ಹಿಂದಿನ ಗುರಿ ಬೇರೆಲ್ಲೂ ಇಲ್ಲ, ಕುದುರೆಯ ಮೂಗಿನ ಮೇಲಿನ ಗಾಡಿಯಲ್ಲಿದೆ! ದೂರದ ಗುರಿಯನ್ನು ಎಣಿಸಿ ಮಾಡಿದ ಏರ್ಪಾಡಾದ್ದರಿಂದ ಇಪ್ಪತ್ತೈದು ಗಜದ ಹಲಗೆಗೆ ಗುಂಡು ಗೇಣುದ್ದ ಮೇಲೆ ಹೋಗುತ್ತದೆ. ತುದಿಯ ಮಣಿಯನ್ನು ತೆಗೆದು ಎತ್ತರದ್ದೊಂದನ್ನು ಕೂರಿಸಿ, ಅರದಿಂದ ಒಂದೊಂದೇ ಉಜ್ಜು ಉಜ್ಜಿ ಗುಂಡನ್ನು ಕೆಳಗಿನಿಂದ ಮೇಲಕ್ಕೆ ತರುತ್ತಾರೆ. ಮಣಿಯನ್ನು ಹೆಚ್ಚು ಉಜ್ಜಿದರೆ ಮರಳಿ ಬೆಳೆಯುವುದಿಲ್ಲ. ಇನ್ನು ಹಿಡಿಗೆ ಕಾರ್ಖಾನೆಯ ಕೆಂಪು ಮೆರುಗನ್ನು ತೆಗೆದು ಎಣ್ಣೆ ಕುಡಿಸುವವರಿದ್ದಾರೆ. ನಳಿಗೆಯ ನೀಲಿ ಬಣ್ಣವನ್ನು ಬೇಕೆಂದೇ ತಿನ್ನಿಸಿ ಮುತ್ತಜ್ಜನ ಕಾಲದ್ದೆಂಬಂತೆ ಮಾಡಿಕೊಳ್ಳುವವರಿದ್ದಾರೆ. ನೇವಿಯ ಉರುಳೆಯ ಮೇಲೆ 1843ರ ಕಂಪೆಚೆಯ ನೌಕಾಯುದ್ಧದ ಚಿತ್ರವಿರುತ್ತದೆ; ಹಳೆಯದಾಗಿ ಕಾಣಿಸುವ ಭರದಲ್ಲಿ ಆ ಹಡಗುಗಳನ್ನು ಉಜ್ಜಿ ಮುಳುಗಿಸುವುದು ಅರಸಿಕತೆಯೇ ಸರಿ.

ಹಾರಿಸಿದ ದಿನವೇ ತೊಳೆಯಬೇಕು. ಕರಿಮದ್ದಿನ ಮಸಿಯಲ್ಲಿ ಗಾಳಿಯ ತೇವವನ್ನು ಹೀರುವ ಉಪ್ಪುಗಳಿವೆ. ಬಿಸಿನೀರು, ಸಾಬೂನು, ಒಣಬಟ್ಟೆ, ಕೊನೆಗೆ ಎಣ್ಣೆ, ಇಷ್ಟೇ ಔಷಧ. ನಮ್ಮ ಮಳೆಗಾಲದಲ್ಲಾದರೆ ಒಂದು ರಾತ್ರಿ ಬಿಟ್ಟರೂ ಬೆಳಗ್ಗೆ ನಳಿಗೆಯೊಳಗೆ ತುಕ್ಕಿನ ಮೊಳಕೆ.

ಅಟ್ಟದ ಮೇಲಿನದು

ಇಷ್ಟೆಲ್ಲ ತಿದ್ದಿ ತೀಡಿದ ಪಿಸ್ತೂಲನ್ನು ಮಗ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿಟ್ಟು ತಂದರೇನು? ತರಬಾರದು. ನಮ್ಮ 1959ರ ಆಯುಧ ಕಾಯಿದೆ ಹಳೆಯ ಮಾದರಿಯೆಂದು ರಿಯಾಯಿತಿ ತೋರಿಸುವುದಿಲ್ಲ. ಸ್ಫೋಟಕದ ಬಲದಿಂದ ಗುಂಡು ಎಸೆಯುವುದೆಲ್ಲ ಅದಕ್ಕೆ ಬಂದೂಕೇ. ಕೇಪಿನದಾದರೂ ಅಷ್ಟೆ, ತೋಟಾದ್ದಾದರೂ ಅಷ್ಟೆ. ದುರಸ್ತಿ ಮಾಡಿದರೂ ಹಾರದಂಥ ಪುರಾತನ ವಸ್ತುವಿಗೆ ಮಾತ್ರ 45ನೆಯ ಕಲಮಿನಲ್ಲಿ ವಿನಾಯಿತಿ. ಟೆಕ್ಸಾಸಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಮಾಡುವ ರಿಪೇರಿಯನ್ನು ಹರಿಹರದ ಎಂಥ ನಿಪುಣ ಲೇತಿನವನೂ ಪರವಾನಗಿಯಿಲ್ಲದೆ ಮಾಡುವಂತಿಲ್ಲ. ಬಂದೂಕು ತಯಾರಿಸುವುದಕ್ಕೂ ರಿಪೇರಿಗೂ ಬೇರೆ ಪರವಾನಗಿ ಬೇಕು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು, ಆಟಿಕೆಯನ್ನು ನಿಜದ ಬಂದೂಕಾಗಿಸುವುದು 2019ರ ತಿದ್ದುಪಡಿಯ ಮೇಲೆ ಏಳು ವರ್ಷಕ್ಕೆ ಕಡಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆಯ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವೇರಿಸಿ ಪೂಜೆ ಮಾಡುತ್ತಾರೆ. ದಾವಣಗೆರೆಯ ಸೀಮೆಗೆ ಆ ಭಾಗ್ಯವಿಲ್ಲ.

ಹಾಗಾದರೆ ಅಜ್ಜನ ಕೋವಿ? ಅಜ್ಜನ ಹೆಸರಿನ ಪರವಾನಗಿ ಅಜ್ಜನೊಡನೆಯೇ ತೀರಿತು. ಅಂದಿನಿಂದ ಅದು ಮನೆಯಲ್ಲಿರುವುದು ಅಕ್ರಮ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೆ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕೆಂದು 21ನೆಯ ಕಲಮು ಹೇಳುತ್ತದೆ. ಪರವಾನಗಿಯಿಲ್ಲದ ಬಂದೂಕಿಗೆ ಈಗ ಎರಡರಿಂದ ಐದು ವರ್ಷದ ಸಜೆ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಸಿಕ್ಕರೆ ಕೋವಿ ಮನೆಗೆ ಮರಳೀತು.

ಆದರೆ ಅದನ್ನು ಅಟ್ಟದಿಂದ ಇಳಿಸುವ ಮುನ್ನ ತಿಳಿದಿರಬೇಕಾದ ಒಂದು ಮಾತಿದೆ. ಕೇಪಿನ ಕೋವಿಯನ್ನು ಮಡಚಿ ಒಳಗೆ ನೋಡುವಂತಿಲ್ಲ. ಹಂದಿ ಬಂದೀತೆಂದು ಅಜ್ಜ ಈಡು ತುಂಬಿ ಮೂಲೆಗಿಟ್ಟಿದ್ದು, ಹಂದಿ ಬಾರದೆ, ಈಡು ಹಾಗೆಯೇ ಉಳಿದಿರಬಹುದು. ಕರಿಮದ್ದು ತೇವ ತಾಗದಿದ್ದರೆ ಎಷ್ಟೋ ದಶಕಗಳ ಮೇಲೂ ಜೀವದಿಂದಿರುತ್ತದೆ. ಮೊಮ್ಮಕ್ಕಳು ಆಟಕ್ಕೆಂದು ಕುದುರೆ ಎಳೆದು ಬಿಟ್ಟರೆ, ಹಳೆಯ ಕೇಪೊಂದು ತೊಟ್ಟಿನ ಮೇಲಿದ್ದರೆ, ಮುಂದಿನದು ಹೇಳಬೇಕಾಗಿಲ್ಲ. ಬಲ್ಲವರು ಮಾಡುವುದು ಇಷ್ಟೆ: ಕೋವಿಯ ಬಾಯಿ ಯಾರ ಕಡೆಗೂ ತಿರುಗದಂತೆ, ತಮ್ಮ ಕಡೆಗಂತೂ ತಿರುಗದಂತೆ ಹಿಡಿದು, ತೊಟ್ಟಿನ ಮೇಲೆ ಕೇಪಿಲ್ಲವೆಂದು ನೋಡಿಕೊಂಡು, ನಳಿಗೆಯ ಕೆಳಗಿನ ಗಜವನ್ನು ಪಕ್ಕದಿಂದ ಮೆಲ್ಲನೆ ಒಳಗಿಳಿಸುತ್ತಾರೆ, ಬಾಯಿಯ ಅಂಚಿಗೆ ಬರುವ ಕಡೆ ಗುರುತು ಹಾಕುತ್ತಾರೆ. ಆ ಗಜವನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಅಳತೆ ಹಿಡಿದಾಗ ಅದು ತೊಟ್ಟಿನವರೆಗೂ ಮುಟ್ಟಿದರೆ ನಳಿಗೆ ಬರಿದು. ಎರಡು ಮೂರು ಬೆರಳು ಹಿಂದೆಯೇ ನಿಂತರೆ ಒಳಗೆ ಈಡಿದೆ. ಆಗ ಕೆದಕುವುದಕ್ಕೆ ಹೋಗದೆ ಇದ್ದಲ್ಲಿಯೇ ಇರಿಸಿ, ಮಕ್ಕಳನ್ನೂ ಬೆಂಕಿಯನ್ನೂ ದೂರವಿಟ್ಟು, ಠಾಣೆಗೆ ಸುದ್ದಿ ಮುಟ್ಟಿಸುವುದು ಕ್ಷೇಮ.

ಮಗ ದೂರದಿಂದ ಕೇಳುವುದು ಬಹುಶಃ ಒಂದೇ: "ಠಾಣೆಗೆ ಕೊಡುವ ಮುಂಚೆ ಕುದುರೆಯ ಪಕ್ಕದ ತಗಡಿನ ಮೇಲೆ ಏನಾದರೂ ಬರೆದಿದೆಯೋ ನೋಡಿ ಅಪ್ಪಾಜಿ, ಒಂದು ಚಿತ್ರ ತೆಗೆದು ಕಳಿಸಿ." ತಂದೆ ಕಿಟಕಿಯ ಬೆಳಕಿಗೆ ಕೋವಿಯನ್ನು ಹಿಡಿದು, ಕನ್ನಡಕ ಏರಿಸಿ, ತುಕ್ಕನ್ನು ಹೆಬ್ಬೆರಳಿನಿಂದ ಸವರುತ್ತಾರೆ.